ಲೋಕಲ್‌ನಲ್ಲಿ ಓಡುವ ಡೋರ್ ಕರೆ ಮಾಡಿದಾಗ ಕಪ್ಪು ಪರದೆ: ಅನುಭವ ಇದ್ದವರು ಹೇಳ್ರಿ

ಬೆಳಗಾವಿ ಟಿಳಕವಾಡಿಯಿಂದ ಕೇಳಿದ್ದು

ನಮಸ್ಕಾರ. ಅಟ್ಟದ ಮೇಲಿದ್ದ ಎರಡು ಹಳೇ ಪಿಸಿ ಕೆಳಗಿಳಿಸಿ, ಒಂದಕ್ಕೆ ಡಾಸ್ ಹಾಕಿ ರಿಮೋಟ್‌ಆಕ್ಸೆಸ್ ಬಿಬಿಎಸ್ (ಮೋಡೆಮ್‌ನಿಂದ ಕರೆ ಮಾಡಿ ಸಂದೇಶ ಓದುವ, ಆಟ ಆಡುವ ಬುಲೆಟಿನ್ ಬೋರ್ಡ್) ಎಬ್ಬಿಸಿದ್ದೇನೆ. ಹೊರಗಿನ ಫೋನ್ ಲೈನ್ ಇಲ್ಲ. ಒಂದು ಆಫೀಸಿನವರು ತೆಗೆದುಹಾಕಿದ ಇಂಟರ್‌ಕಾಮ್ ಎಕ್ಸ್‌ಚೇಂಜ್ ಪೆಟ್ಟಿಗೆ ಸಿಕ್ಕಿತು, ಅದರ 21 ಮತ್ತು 22ನೇ ನಂಬರಿಗೆ ಒಂದೊಂದು ಮೋಡೆಮ್ ಕಟ್ಟಿದ್ದೇನೆ. ಇಂಟರ್‌ನೆಟ್ ಮನೆಗೆ ಬರುವ ಮೊದಲು ಜನ ಫೋನ್ ತಂತಿಯ ಮೇಲೆ ಹೇಗೆ ಕೂಡುತ್ತಿದ್ದರು ಅಂತ ಮಗಳಿಗೂ ಅವಳ ಗೆಳತಿಯರಿಗೂ ತೋರಿಸಬೇಕು ಅನ್ನೋ ಆಸೆ.

ಕರೆ ಹತ್ತುತ್ತದೆ, ಲಾಗಿನ್ ಆಗುತ್ತದೆ, ಸಂದೇಶ ಓದಬಹುದು, ಬರೆಯಬಹುದು. ಆದರೆ ಡೋರ್ (ಬೋರ್ಡಿನೊಳಗಿಂದ ಓಡುವ ಹೊರಗಿನ ಪ್ರೋಗ್ರಾಮ್) ಆಗಿ ಸೇರಿಸಿದ ‘ಲೆಜೆಂಡ್ ಆಫ್ ದ ರೆಡ್ ಡ್ರ್ಯಾಗನ್’ ಆಟಕ್ಕೆ ಹೋದ ಕೂಡಲೇ ಕರೆ ಮಾಡಿದವರ ಪರದೆ ಕಪ್ಪು. ಬೋರ್ಡ್ ಇರುವ ಯಂತ್ರದ ಮುಂದೆಯೇ ಕೂತು ಲೋಕಲ್ ಲಾಗಿನ್ ಮಾಡಿದರೆ ಅದೇ ಆಟ ಸರಾಗ. ಇನ್ನೊಂದು ಸಣ್ಣ ಪ್ರಶ್ನೋತ್ತರ ಡೋರ್ ಇದೆ, ಅದು ಎಲ್ಲಿಂದ ಚಾಲೂ ಮಾಡಿದರೂ ‘ರನ್‌ಟೈಮ್ ಎರರ್ 200’ ಅಂತ ಹೇಳಿ ನಿಲ್ಲುತ್ತದೆ. ನಾಲ್ಕು ರಾತ್ರಿ ಆಯಿತು. ಎಲ್ಲಿಂದ ಹುಡುಕಲಿ?

ಬಾಗಲಕೋಟೆ ನವನಗರದಿಂದ

ನಿಮ್ಮ ಪ್ರಶ್ನೆ ಓದಿ ಹಳೇ ದಿನಕ್ಕೆ ಹೋಗಿಬಂದೆ. ಹಳೇ ಬಾಗಲಕೋಟೆಯ ಮನೆಯಲ್ಲಿ ನಾನೂ ಒಂದು ಲೈನಿನ ಬೋರ್ಡ್ ನಡೆಸಿದವನು. ಹಗಲು ಅದೇ ಫೋನ್ ಅಪ್ಪನ ಅಂಗಡಿಯದು, ರಾತ್ರಿ 10ರಿಂದ ಬೆಳಗಿನ 6ರವರೆಗೆ ನನ್ನದು. ಮುಳುಗಡೆಯಾಗಿ ನವನಗರಕ್ಕೆ ಬರುವಾಗ ಅಮ್ಮ ಪಾತ್ರೆ ಕಟ್ಟಿದ ಹಾಗೆ ನಾನು ಫ್ಲಾಪಿ ಕಟ್ಟಿ ತಂದೆ. ಇನ್ನೂ ಇವೆ.

ಮೊದಲ ಮಾತು. ಲೋಕಲ್‌ನಲ್ಲಿ ಓಡುತ್ತದೆ ಅನ್ನೋದರಿಂದ ಆಟದ ಫೈಲುಗಳು ಸರಿ ಇವೆ ಅಂತಷ್ಟೇ ತಿಳಿಯುತ್ತದೆ. ಲೈನಿನ ಬಗ್ಗೆ ಅದರಿಂದ ಒಂದಕ್ಷರವೂ ತಿಳಿಯುವುದಿಲ್ಲ, ಯಾಕಂದರೆ ಲೋಕಲ್ ಲಾಗಿನ್‌ನಲ್ಲಿ ಡೋರ್ ಸೀರಿಯಲ್ ಪೋರ್ಟನ್ನು ಮುಟ್ಟುವುದೇ ಇಲ್ಲ. ನಾನು ಎರಡು ವಾರ ಕಳೆದುಕೊಂಡದ್ದು ಇಲ್ಲೇ. ಆಟವನ್ನು ಮೂರು ಸಲ ಅಳಿಸಿ ಮತ್ತೆ ಹಾಕಿದೆ. ಆಟದಲ್ಲಿ ತಪ್ಪೇ ಇರಲಿಲ್ಲ.

ಡೋರ್ ಅಂದರೆ ಏನು ನಡೆಯುತ್ತದೆ ನೋಡ್ರಿ. ಬೋರ್ಡ್ ಪಕ್ಕಕ್ಕೆ ಸರಿದು ಫೋನ್ ಲೈನನ್ನು ಇನ್ನೊಂದು ಪ್ರೋಗ್ರಾಮಿನ ಕೈಗೆ ಒಪ್ಪಿಸುತ್ತದೆ. ಒಪ್ಪಿಸುವಾಗ ಒಂದು ಚೀಟಿ ಬರೆದಿಡುತ್ತದೆ. ಸಕ್ಕರೆ ಕಾರ್ಖಾನೆ ಗೇಟಿನಲ್ಲಿ ಕಬ್ಬಿನ ಗಾಡಿಗೆ ಕೊಡುವ ಚೀಟಿ ಇದ್ದ ಹಾಗೆ: ಯಾರ ಗಾಡಿ, ಯಾವ ಊರು, ಎಷ್ಟನೇ ಪಾಳಿ. ಇಲ್ಲಿ ಅದಕ್ಕೆ ಡ್ರಾಪ್ ಫೈಲ್ ಅನ್ನುತ್ತಾರೆ. ಡೋರಿಗೆ ಕಣ್ಣಿಲ್ಲ, ಚೀಟಿಯಲ್ಲಿ ಬರೆದದ್ದನ್ನೇ ನಂಬುತ್ತದೆ. ಡೋರ್.ಸಿಸ್ ಅನ್ನೋದು 52 ಸಾಲಿನ ಉದ್ದ ಚೀಟಿ. ಡೋರಿನ್ಫೋ1.ಡೆಫ್ 13 ಸಾಲಿನದು. ಡಬ್ಲ್ಯುಡಬ್ಲ್ಯುಐವಿ ಬೋರ್ಡಿನಿಂದ ಬಂದ ಚೈನ್.ಟಿಎಕ್ಸ್‌ಟಿ ಇನ್ನೊಂದು. ನಿಮ್ಮ ಡೋರ್ ಯಾವುದನ್ನು ಓದುತ್ತದೋ ಅದನ್ನೇ ಬೋರ್ಡ್ ಬರೆಯಬೇಕು, ಡೋರ್ ಹುಡುಕುವ ಡೈರೆಕ್ಟರಿಯಲ್ಲೇ ಇಡಬೇಕು.

ಈಗ ಮಾಡಬೇಕಾದ ಕೆಲಸ: ಡೋರ್ ಚಾಲೂ ಮಾಡುವ ಬ್ಯಾಚ್ ಫೈಲಿನ ಮೊದಲ ಸಾಲಿನಲ್ಲೇ ಆ ಚೀಟಿಯನ್ನು ಬೇರೆ ಡೈರೆಕ್ಟರಿಗೆ ಕಾಪಿ ಮಾಡುವ ಆಜ್ಞೆ ಬರೆಯಿರಿ. 22ರಿಂದ 21ಕ್ಕೆ ಕರೆ ಮಾಡಿ, ಡೋರಿಗೆ ಹೋಗಿ, ಕಪ್ಪಾಗಲಿ ಬಿಡ್ರಿ. ಆಮೇಲೆ ಆ ಕಾಪಿಯನ್ನು ತೆರೆದು ಓದಿ. ಡೋರಿನ್ಫೋದಲ್ಲಿ 4ನೇ ಸಾಲು ಪೋರ್ಟ್, 5ನೆಯದು ವೇಗ, 12ನೆಯದು ಉಳಿದ ನಿಮಿಷ. 4ನೇ ಸಾಲಿನಲ್ಲಿ ಕಾಮ್0 ಅಂತಿದ್ದರೆ ಡೋರ್ ‘ಇದು ಲೋಕಲ್’ ಅಂದುಕೊಂಡು ನಿಮ್ಮ ಯಂತ್ರದ ಪರದೆಗಷ್ಟೇ ಬರೆಯುತ್ತದೆ, ಕರೆ ಮಾಡಿದವರಿಗೆ ಏನೂ ಹೋಗುವುದಿಲ್ಲ. ನಿಮಿಷ ಸೊನ್ನೆ ಇದ್ದರೆ ಹೋದ ದಾರಿಯಲ್ಲೇ ವಾಪಸ್.

ಚೀಟಿ ಸರಿ ಇದ್ದರೆ ಮುಂದಿನ ಅನುಮಾನ ಫಾಸಿಲ್ ಡ್ರೈವರಿನದು (ಪ್ರೋಗ್ರಾಮಿಗೂ ಸೀರಿಯಲ್ ಪೋರ್ಟಿಗೂ ನಡುವೆ ನಿಂತು ಅಕ್ಷರ ಸಾಗಿಸುವ ತಂತ್ರಾಂಶ), ಮತ್ತು ನನಗನಿಸುವಂತೆ ನಿಮ್ಮ ತೊಂದರೆ ಇಲ್ಲೇ ಇದೆ. ರಿಮೋಟ್‌ಆಕ್ಸೆಸ್‌ಗೆ ಫಾಸಿಲ್ ಬೇಕೇ ಬೇಕು, ಹಾಗಾಗಿ ಎಕ್ಸ್00 ಅಥವಾ ಬಿಎನ್‌ಯು ತರಹದ ಒಂದು ನಿಮ್ಮಲ್ಲಿ ಹತ್ತಿರಲೇಬೇಕು. ಪೋರ್ಟಿನ ಯಜಮಾನ ಆಗಲೇ ಅದು. ಡೋರಿನ ಸೆಟಪ್‌ನಲ್ಲಿ ‘ಫಾಸಿಲ್ ಬೇಡ’ ಅಂತಿದ್ದರೆ ಡೋರ್ ಸೀರಿಯಲ್ ಚಿಪ್ಪಿಗೆ ನೇರ ಕೈ ಹಾಕುತ್ತದೆ. ಒಂದೇ ಇಂಟರಪ್ಟಿಗೆ (ಚಿಪ್ ಪ್ರೊಸೆಸರನ್ನು ಕರೆಯುವ ಸಂಕೇತ) ಇಬ್ಬರು ಜಗ್ಗಾಡಿದರೆ ಅಕ್ಷರ ಯಾರಿಗೂ ಸಿಗುವುದಿಲ್ಲ. ಲಾರ್ಡ್‌ಸಿಎಫ್‌ಜಿ (ಆ ಆಟದ ಸೆಟಪ್ ಪ್ರೋಗ್ರಾಮ್) ತೆರೆದು ನೋಡ್‌ನ, ಅಂದರೆ ನಿಮ್ಮ ಲೈನಿನ, ಪುಟದಲ್ಲಿ ಫಾಸಿಲ್ ಹೌದು ಅನ್ನಿ. ಇನ್ನೊಂದು ಎಚ್ಚರ, ಫಾಸಿಲ್ ಎಣಿಸುವುದು ಸೊನ್ನೆಯಿಂದ. ನಮ್ಮ ಕಾಮ್1 ಅದಕ್ಕೆ ಪೋರ್ಟ್ 0.

ಅದರ ಹಿಂದೆಯೇ ವೇಗ. ಮೋಡೆಮ್‌ಗಳು ತಮ್ಮ ತಮ್ಮಲ್ಲಿ ಸೆಕೆಂಡಿಗೆ 14400 ಬಿಟ್‌ಗೆ ಒಪ್ಪಿಕೊಂಡಿರುತ್ತವೆ, ಆದರೆ ಪಿಸಿಯಿಂದ ಮೋಡೆಮ್‌ವರೆಗಿನ ಕೇಬಲ್ ಮೇಲೆ ಮಾತು 38400ರಲ್ಲಿ ನಡೆಯುತ್ತಿರುತ್ತದೆ. ಬೋರ್ಡ್ ಚೀಟಿಯಲ್ಲಿ 14400 ಅಂತ ಬರೆಯಿತು ಅನ್ನಿ, ಡೋರ್ ವಿಧೇಯತೆಯಿಂದ ಪೋರ್ಟನ್ನು 14400ಕ್ಕೆ ಇಳಿಸುತ್ತದೆ. ಮೋಡೆಮ್ ಇನ್ನೂ 38400ರಲ್ಲೇ ಕಿವಿ ಕೊಟ್ಟು ಕೂತಿದೆ. ಆಚೆ ಕಡೆ ಕಸ, ಇಲ್ಲ ಕಪ್ಪು. ಇದಕ್ಕೆ ಮದ್ದು ಫಾಸಿಲ್ ಹತ್ತಿಸುವಾಗಲೇ ಪೋರ್ಟಿನ ವೇಗಕ್ಕೆ ಬೀಗ ಹಾಕುವುದು. ಬಿಎನ್‌ಯುನಲ್ಲಿ ಎಲ್ ಅನ್ನೋ ಆಯ್ಕೆ, ಎಕ್ಸ್00ದಲ್ಲಿ ಬಿ. ಬೀಗ ಬಿದ್ದ ಮೇಲೆ ಯಾವ ಡೋರ್ ಬಂದು ವೇಗ ಬದಲಿಸು ಅಂದರೂ ಫಾಸಿಲ್ ಅಲುಗುವುದಿಲ್ಲ.

ಬ್ಯಾಚ್ ಫೈಲಿನೊಳಗಿಂದ ಇನ್ನೊಂದು ಬ್ಯಾಚ್ ಫೈಲ್ ಕರೆಯುವಾಗ ಮುಂದೆ ಕಾಲ್ ಅನ್ನೋ ಪದ ಹಾಕಲೇಬೇಕು. ಇಲ್ಲದಿದ್ದರೆ ಅದರ ಮುಂದಿನ ಸಾಲುಗಳಿಗೆ ಡಾಸ್ ವಾಪಸ್ ಬರುವುದಿಲ್ಲ. ನನ್ನ ಬೋರ್ಡ್ ಎರರ್‌ಲೆವೆಲ್ (ಮುಗಿಯುವಾಗ ಡಾಸ್‌ಗೆ ಬಿಟ್ಟುಹೋಗುವ ಸಂಖ್ಯೆ) ಕೊಟ್ಟು ಪೂರ್ತಿ ಹೊರಬಿದ್ದು ಡೋರ್ ಓಡಿಸುವ ಪದ್ಧತಿಯದು. ಕಾಲ್ ಮರೆತ ದಿನ ಆಟ ಮುಗಿಸಿದ ಹುಡುಗ ಎಲ್ಲಿಯೂ ಇಲ್ಲದವನಾಗಿ ಲೈನಿನಲ್ಲಿ ಕಾಯುತ್ತಾ ಉಳಿದ. ನಿಮ್ಮದು ರಿಮೋಟ್‌ಆಕ್ಸೆಸ್ ಆದ್ದರಿಂದ ಮೆನುವಿನಲ್ಲಿ ನಕ್ಷತ್ರ-ಎಂ ಸೇರಿಸಿರಿ. ಬೋರ್ಡ್ ಆಗ ತನ್ನನ್ನು ಮೆಮೊರಿಯಿಂದ ಹೊರಗಿಟ್ಟು 640 ಕೆಬಿಯೊಳಗೆ ಡೋರಿಗೆ ಜಾಗ ಮಾಡಿಕೊಡುತ್ತದೆ.

ಇನ್ನು ಕ್ಯಾರಿಯರ್, ಅಂದರೆ ಆಚೆಯ ಮೋಡೆಮ್ ಲೈನಿನಲ್ಲಿದೆ ಅನ್ನೋ ಸಂಕೇತ. ಇದನ್ನು ದಯವಿಟ್ಟು ಹಗುರ ಮಾಡಬೇಡಿ. ನನ್ನ ಮೋಡೆಮ್ ಎಟಿ&ಸಿ0ಯಲ್ಲಿತ್ತು, ಅಂದರೆ ಆಚೆ ಯಾರಿದ್ದರೂ ಇಲ್ಲದಿದ್ದರೂ ಪಿಸಿಗೆ ‘ಇದ್ದಾರೆ’ ಅಂತಲೇ ಹೇಳುತ್ತಿತ್ತು. ಒಂದು ರಾತ್ರಿ ಒಬ್ಬ ಆಟದ ನಡುವೆ ಲೈನ್ ಕಡಿದು ಹೋದ. ಡೋರಿಗೆ ಅದು ಗೊತ್ತಾಗಲೇ ಇಲ್ಲ. ಹತ್ತು ನಿಮಿಷಕ್ಕೆ ಇನ್ನೊಬ್ಬ ಕರೆ ಮಾಡಿದಾಗ ಮೋಡೆಮ್ ತಾನೇ ಎತ್ತಿತು; ಹೆಸರಿಲ್ಲ, ಪಾಸ್‌ವರ್ಡ್ ಇಲ್ಲ, ನೇರ ಮೊದಲಿನವನ ಆಟದೊಳಗೆ ಹೋಗಿ ನಿಂತ. ಅವನ ಚಿನ್ನವನ್ನೆಲ್ಲ ಖರ್ಚು ಮಾಡಿದ. ಮರುದಿನ ಇಬ್ಬರೂ ನನ್ನ ಮನೆ ಬಾಗಿಲಿಗೆ. ಆ ಹುಡುಗರ ನಂಬಿಕೆ ನನ್ನ ಕೈಯಲ್ಲಿತ್ತು, ಅದು ಜಾರಿತಲ್ಲ ಅಂತ ಇವತ್ತಿಗೂ ನೋವಿದೆ. ಎಟಿ&ಸಿ1&ಡಿ2 ಹಾಕಿರಿ: ಕ್ಯಾರಿಯರ್ ಇದ್ದಾಗ ಮಾತ್ರ ಇದೆ ಅನ್ನಲಿ, ಬೋರ್ಡ್ ಡಿಟಿಆರ್ (ಪಿಸಿ ಸಿದ್ಧ ಇದೆ ಅನ್ನೋ ಸಂಕೇತ) ಇಳಿಸಿದಾಗ ಫೋನ್ ಇಡಲಿ. ಹಾಕಿದ ಮೇಲೆ ಡೋರಿನೊಳಗೆ ಇರುವಾಗಲೇ ಫೋನ್ ವೈರ್ ಕಿತ್ತು ಪರೀಕ್ಷೆ ಮಾಡಿ. ಸ್ವಲ್ಪ ಹೊತ್ತಿನಲ್ಲಿ ಬೋರ್ಡ್ ಮತ್ತೆ ಕರೆಗೆ ಕಾಯುವ ಸ್ಥಿತಿಗೆ ಬರಬೇಕು. ಬರದಿದ್ದರೆ ಯಾರನ್ನೂ ಒಳಗೆ ಕರೆಯಬೇಡಿ.

ವಿಜಯಪುರದಿಂದ

ಮ್ಯಾಲಿನವರು ಹೇಳಿದ್ದು ಖರೇ ಅದ. ನಂದೊಂದು ಸಣ್ಣದು ಸೇರಸ್ತೀನಿ. ನಿಮ್ಮ ಮೌಸ್ ಸೀರಿಯಲ್ ಅದ ಏನು? ಮೌಸ್ ಕಾಮ್1ಕ್ಕ, ಒಳಗಿನ ಕಾರ್ಡ್ ಮೋಡೆಮ್ ಕಾಮ್3ಕ್ಕ ಇದ್ರ ಎರಡೂ ಐಆರ್‌ಕ್ಯು (ಇಂಟರಪ್ಟ್ ನಂಬರ್) 4ನ್ನೇ ಕೇಳ್ತಾವ. ಹಂಗೇ ಕಾಮ್2 ಮತ್ತ ಕಾಮ್4 ಎರಡೂ ಐಆರ್‌ಕ್ಯು 3. ನಂದ್ರಾಗ ಮೌಸ್ ಅಲುಗಿಸಿದ್ರ ಡೋರ್ ನಿಂತುಬಿಡ್ತಿತ್ತು, ಒಂದು ತಿಂಗಳು ಆಟಕ್ಕ ಬೈಕೋತ ಕೂತೆ. ಬೋರ್ಡ್ ನಡಸೋ ಮಷೀನಿಗೆ ಮೌಸ್ ಯಾಕ ಬೇಕ್ರಿ? ಕಿತ್ತು ಇಡ್ರಿ. ಸೀರಿಯಲ್ ಚಿಪ್ ಯಾವ್ದು ಅಂತನೂ ನೋಡ್ರಿ. 16550ಎ ಇದ್ರ ಅದರೊಳಗ 16 ಬೈಟಿನ ಸಾಲು ಇರ್ತದ, ಡಿಸ್ಕ್ ಓದೋ ಹೊತ್ತಿನ್ಯಾಗ ಅಕ್ಷರ ಬಿದ್ದುಹೋಗೂದಿಲ್ಲ. 8250 ಇದ್ರ 38400ದ ಆಸೆ ಬಿಟ್ಟು 9600ಕ್ಕ ಬೀಗ ಹಾಕ್ರಿ.

ಹುಡುಗ್ಯಾರಿಗೆ ತೋರಸ್ತೀನಿ ಅಂದ್ರಲ್ಲ, ಭಾಳ ಚಲೋ. ವಾರ್ಡ್ ಕ್ರಿಸ್ಟೆನ್ಸನ್ ಮತ್ತ ರ‍್ಯಾಂಡಿ ಸೂಸ್ ಅನ್ನೋರು ಶಿಕಾಗೋದಾಗ ಹಿಮ ಬಿದ್ದು ಊರೇ ಬಂದಾದಾಗ ಮನ್ಯಾಗ ಕೂತು ಮೊದಲ ಬೋರ್ಡ್ ಕಟ್ಟಿದ್ರು, 1978ರ ಫೆಬ್ರವರಿ 16ಕ್ಕ ಅದು ಚಾಲೂ ಆತು. ಈ ಕಥಿ ಹೇಳಿ ಆಮ್ಯಾಲ ಮೋಡೆಮ್ ಸಪ್ಪಳ ಕೇಳಸ್ರಿ.

ಬೆಳಗಾವಿ ಶಹಾಪುರದಿಂದ

ಎರರ್ 200 ಬಗ್ಗೆ ನಾನು ಹೇಳುತ್ತೇನೆ, ಅದು ನನ್ನನ್ನೂ ಕಾಡಿದ್ದು. ಅದಕ್ಕೂ ಲೈನಿಗೂ ಸಂಬಂಧ ಇಲ್ಲ. ಟರ್ಬೋ ಪ್ಯಾಸ್ಕಲ್‌ನಲ್ಲಿ ಬರೆದ ಪ್ರೋಗ್ರಾಮು ಅದು. ಅದರ ಸಿಆರ್‌ಟಿ ಯೂನಿಟ್ (ಪರದೆ, ಕೀಲಿಮಣೆ ನೋಡಿಕೊಳ್ಳುವ ಭಾಗ) ಆರಂಭದಲ್ಲೇ ಗಡಿಯಾರದ ಒಂದು ಟಿಕ್, ಅಂದರೆ ಸುಮಾರು 55 ಮಿಲಿಸೆಕೆಂಡಿನಲ್ಲಿ ಎಷ್ಟು ಸುತ್ತು ಹೊಡೆಯಲು ಆಗುತ್ತದೆ ಅಂತ ಎಣಿಸಿ, ಅದನ್ನು 55ರಿಂದ ಭಾಗಿಸಿ ಯಂತ್ರದ ವೇಗ ಅಳೆಯುತ್ತದೆ. ಯಂತ್ರ ಜೋರಿದ್ದರೆ ಉತ್ತರ 16 ಬಿಟ್‌ನಲ್ಲಿ ಹಿಡಿಸುವುದಿಲ್ಲ, ಪ್ರೊಸೆಸರ್ ಅದನ್ನು ಭಾಗಾಕಾರದ ತಪ್ಪು ಅನ್ನುತ್ತದೆ, ಪ್ರೋಗ್ರಾಮ್ ತನ್ನ ಮೊದಲ ಸಾಲು ಮುಟ್ಟುವ ಮೊದಲೇ ಸಾಯುತ್ತದೆ. 200 ಮೆಗಾಹರ್ಟ್ಸ್‌ನ ಆಚೀಚೆಯ ಯಂತ್ರದಿಂದ ಈ ಕಾಟ ಶುರು. ಎಕ್ಸ್‌ಇ ಫೈಲಿಗೇ ತೇಪೆ ಹಾಕುವ ಸಣ್ಣ ಉಪಕರಣಗಳಿವೆ, ಮೂಲದ ಒಂದು ಕಾಪಿ ಇಟ್ಟುಕೊಂಡು ಹಾಕಿ. ಇಲ್ಲವಾದರೆ ಬಯಾಸ್‌ನಲ್ಲಿ ಕ್ಯಾಷ್ ಬಂದ್ ಮಾಡಿ ಯಂತ್ರವನ್ನೇ ನಿಧಾನ ಮಾಡಬಹುದು. 486 ಸಿಕ್ಕರೆ ಯಾವ ಚಿಂತೆಯೂ ಇಲ್ಲ.

ಇಂಟರ್‌ಕಾಮ್ ಪೆಟ್ಟಿಗೆಯ ಡಯಲ್ ಟೋನ್ ಹೊರಗಿನ ಲೈನಿನದಕ್ಕಿಂತ ಬೇರೆ ಇರುತ್ತದೆ, ಕೆಲವು ಮೋಡೆಮ್ ಅದನ್ನು ಟೋನ್ ಅಂತಲೇ ಒಪ್ಪುವುದಿಲ್ಲ. ನಿಮ್ಮದು ಒಪ್ಪಿದೆ, ಒಳ್ಳೆಯದು. ಮುಂದೆಂದಾದರೂ ‘ಡಯಲ್ ಟೋನ್ ಇಲ್ಲ’ ಅಂದರೆ ಎಟಿಎಕ್ಸ್3 ಕೊಡಿ, ಟೋನಿಗೆ ಕಾಯದೆ ನಂಬರ್ ಒತ್ತುತ್ತದೆ. ಬೆಳಗಾವಿ ಮಳೆಯಲ್ಲಿ ನನ್ನ ಜೋಡಣೆಗಳೆಲ್ಲ ಹಸಿ ಹಿಡಿದು ಪರದೆ ತುಂಬ ಹುಳ ಹರಿದಾಡಿದಂತೆ ಅಕ್ಷರ ಬರುತ್ತಿದ್ದವು. ಎರಡೂ ಕಡೆ ವಿ.42 ತಪ್ಪು-ತಿದ್ದುವಿಕೆ ಆನ್ ಇಟ್ಟ ಮೇಲೆ ಹೋಯಿತು.

ಮತ್ತೆ ಕರೆಂಟ್. ಆಟಗಾರರ ಫೈಲ್ ಬರೆಯುವ ಹೊತ್ತಿಗೆ ಕರೆಂಟ್ ಹೋದರೆ ಎಲ್ಲರ ಲೆಕ್ಕವೂ ಹಾಳು. ಸ್ಮಾರ್ಟ್‌ಡ್ರೈವ್ (ಡಾಸ್‌ನ ಡಿಸ್ಕ್ ಕ್ಯಾಷ್) ಹಾಕಿದ್ದರೆ ಅದರಲ್ಲಿ ತಡವಾಗಿ ಬರೆಯುವ ಸೌಲಭ್ಯ ಬಂದ್ ಮಾಡಿ. ಓದುವುದಕ್ಕೆ ಮಾತ್ರ ಇರಲಿ.

ವಿಜಯಪುರ ಜಿಲ್ಲೆ, ಇಂಡಿಯಿಂದ

ಪ್ರಶ್ನೋತ್ತರ ಡೋರಿನಲ್ಲಿ ಪ್ರಶ್ನೆಗಳನ್ನು ಕನ್ನಡದಲ್ಲಿ ಹಾಕುವ ಯೋಚನೆ ಇದ್ದರೆ ಒಂದು ಮಾತು. ಲೈನ್ 8-ಎನ್-1 (8 ಡೇಟಾ ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್) ಇದ್ದರೆ ಎಂಟೂ ಬಿಟ್ ದಾಟುತ್ತವೆ, ಹಾಗಾಗಿ ಇಸ್ಕಿ ಅನ್ನೋ ಭಾರತೀಯ ಲಿಪಿಗಳ ಸಂಕೇತದ ಕನ್ನಡ ತಂತಿ ಮೇಲೆ ಕೆಡದೆ ಹೋಗುತ್ತದೆ. ತೊಡಕು ಪರದೆಯಲ್ಲಿ. ಇಸ್ಕಿಯ ಅಕ್ಷರಗಳು ಕೂತಿರುವ ಮೇಲಿನ 128 ಜಾಗಗಳಲ್ಲೇ ಡಾಸ್‌ನ ಪೆಟ್ಟಿಗೆ ಗೆರೆಗಳೂ ಇವೆ. ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ (ಭಾರತೀಯ ಲಿಪಿ ತೋರಿಸುವ ಕಾರ್ಡ್) ಇದ್ದ ಯಂತ್ರದಲ್ಲಿ ಕನ್ನಡ ಕಾಣುತ್ತದೆ, ಇಲ್ಲದ ಯಂತ್ರದಲ್ಲಿ ಅದೇ ವಾಕ್ಯ ಗೆರೆ-ಮೂಲೆಗಳ ರಾಶಿ. ಎರಡೂ ತುದಿಗೆ ಕಾರ್ಡ್ ಇಲ್ಲದೆ ಇದು ಆಗುವುದಿಲ್ಲ. ಒಂದು ಕಾಲದಲ್ಲಿ ಕಚೇರಿಯೊಂದರ ಎರಡು ಯಂತ್ರಗಳ ನಡುವೆ ನಾನು ಹೀಗೆ ಕನ್ನಡ ಸಂದೇಶ ಕಳಿಸಿದ್ದೇನೆ. ‘ನಮಸ್ಕಾರ’ ಅನ್ನೋ ಪದ ಆಚೆ ಪರದೆಯಲ್ಲಿ ಮೂಡಿದ್ದು ನೋಡಿ ಕಣ್ಣು ತುಂಬಿತ್ತು. ನಿಮ್ಮ ಮಕ್ಕಳಿಗೆ ಸದ್ಯಕ್ಕೆ ರೋಮನ್ ಲಿಪಿಯಲ್ಲೇ ಕನ್ನಡ ಬರೆದು ಹಾಕಿ, ಆಗಿನ ಜನ ಮಾಡಿದ್ದೂ ಅದನ್ನೇ.

ಟಿಳಕವಾಡಿಯಿಂದ ಮತ್ತೆ

ಎಲ್ಲರಿಗೂ ಕೈಮುಗಿದು ಹೇಳುತ್ತೇನೆ, ಸಿಕ್ಕಿತು. ಚೀಟಿಯ ಕಾಪಿ ತೆಗೆದು ಓದಿದೆ. ಪೋರ್ಟ್ ಸರಿ ಇತ್ತು, ವೇಗದ ಸಾಲಿನಲ್ಲಿ 14400 ಇತ್ತು. ಬಿಎನ್‌ಯುಗೆ ಬೀಗ ಹಾಕಿರಲಿಲ್ಲ, ಲಾರ್ಡ್‌ಸಿಎಫ್‌ಜಿಯಲ್ಲಿ ಫಾಸಿಲ್ ಕೂಡ ‘ಇಲ್ಲ’ ಅಂತಿತ್ತು. ಮೊದಲು ಫಾಸಿಲ್ ಒಂದನ್ನೇ ಬದಲಿಸಿ ನೋಡಿದೆ: ಕಪ್ಪು ಹೋಗಿ ಕಸ ಬಂತು. ಆ ಕಸ ಕಂಡು ಎಷ್ಟು ಖುಷಿಯಾಯಿತು ಅಂದರೆ ಮನೆಯವರನ್ನು ಕರೆದು ತೋರಿಸಿದೆ. 38400ಕ್ಕೆ ಬೀಗ ಹಾಕಿದ ಮೇಲೆ ಡ್ರ್ಯಾಗನ್ನಿನ ಕೆಂಪು ಅಕ್ಷರ ಸ್ವಚ್ಛವಾಗಿ ಮೂಡಿತು.

ನವನಗರದವರು ಹೇಳಿದ ವೈರ್ ಕೀಳುವ ಪರೀಕ್ಷೆಯನ್ನೂ ಮಾಡಿದೆ. ಮೊದಲ ಸಲ ಬೋರ್ಡ್ ಡೋರಿನಲ್ಲೇ ಸಿಕ್ಕಿಕೊಂಡಿತು, ನನ್ನ ಮೋಡೆಮ್ ಕೂಡ &ಸಿ0ಯಲ್ಲೇ ಇತ್ತು. ಬದಲಿಸಿ ಮೂರು ಸಲ ಕಿತ್ತೆ, ಮೂರೂ ಸಲ ಬೋರ್ಡ್ ತಾನಾಗಿ ವಾಪಸ್ ಬಂತು.

ಪ್ರಶ್ನೋತ್ತರ ಡೋರಿಗೆ ತೇಪೆ ನಾಳೆ. ಭಾನುವಾರ ಮಗಳ ಗೆಳತಿಯರು ಬರುತ್ತಾರೆ, ಒಬ್ಬರು ಹಾಲ್‌ನಲ್ಲಿ ಕೂತು 22ರಿಂದ ಕರೆ ಮಾಡುತ್ತಾರೆ, ಉಳಿದವರು ಒಳಗೆ ಬೋರ್ಡಿನ ಪರದೆ ನೋಡುತ್ತಾರೆ. ಒಂದೇ ಲೈನು, ಆದ್ದರಿಂದ ಒಬ್ಬೊಬ್ಬರಿಗೆ 20 ನಿಮಿಷ ಅಂತ ಇಟ್ಟಿದ್ದೇನೆ.