ಮಾದರಿ ರೈಲಿನ ಲೇಔಟ್‌ಗೆ ಕಾಂಕ್ರೀಟ್ ತಡೆಗೋಡೆ: ಮಾಡಿ ನೋಡಿದವರ ಮಾತು

ಕೇಳಿದ್ದು:

ನನ್ನದು ಎಚ್‌ಒ ಅಳತೆಯ ಮಾದರಿ ರೈಲು ಲೇಔಟ್, 1:87, ಅಂದರೆ ಎಲ್ಲವೂ ಅಸಲಿಯ 87ರಲ್ಲಿ ಒಂದು ಪಾಲು. ಗುಡ್ಡ ಕಡಿದು ಜೋಡಿ ಹಳಿ ಹಾಕಿದ ಜಾಗ ಒಂದಿದೆ. ಅಲ್ಲಿ ಮಣ್ಣು ಹಿಡಿದು ನಿಲ್ಲಿಸಲು 120 ಸೆಂ.ಮೀ. ಉದ್ದ, 60 ಮಿ.ಮೀ. ಎತ್ತರದ ಕಾಂಕ್ರೀಟ್ ತಡೆಗೋಡೆ ಬೇಕು. ಎರಡು ಸಲ ಮಾಡಿ ಎರಡು ಸಲವೂ ಕಿತ್ತೆ. ಮೊದಲು ಪ್ಲಾಸ್ಟಿಕ್ ಹಾಳೆಗೆ ಬೂದು ಬಣ್ಣ ಹೊಡೆದೆ. ಬಣ್ಣ ಹೊಡೆದ ಪ್ಲಾಸ್ಟಿಕ್ ತರಾನೇ ಕಂಡಿತು. ಆಮೇಲೆ ಅಸಲಿ ಸಿಮೆಂಟು, ಮರಳು ಕಲಸಿ ತೆಳ್ಳಗೆ ಎರೆದೆ. ಒಣಗುವಾಗಲೇ ಬಿರುಕು ಬಿಟ್ಟಿತು. ಬಿಡದ ಭಾಗವೂ ಕಾಂಕ್ರೀಟ್ ಅನಿಸಲಿಲ್ಲ. ಮಾಡಿದವರು ಯಾರಾದರೂ ದಾರಿ ಹೇಳಿ.

ಒಬ್ಬರ ಅನುಭವ:

ಸಿಮೆಂಟು ಯಾಕೆ ಕೈಕೊಟ್ಟಿತು ಅಂತ ಮೊದಲು ಹೇಳುತ್ತೇನೆ. ಒಂದು ಮಿ.ಮೀ. ಮರಳಿನ ಕಾಳು ನಿಮ್ಮ ಲೇಔಟ್‌ನಲ್ಲಿ 87 ಮಿ.ಮೀ. ಕಲ್ಲಿಗೆ ಸಮ. ಗೋಡೆ ತುಂಬಾ ಮುಷ್ಟಿ ಗಾತ್ರದ ಕಲ್ಲು ಎದ್ದು ಕೂತ ಹಾಗಾಯಿತು. ನಾವು ಲೇಔಟನ್ನು ಸುಮಾರು 60 ಸೆಂ.ಮೀ. ದೂರದಿಂದ ನೋಡುತ್ತೇವೆ, ಅಲ್ವಾ? ಅಂದರೆ ಅಸಲಿ ಗೋಡೆಯನ್ನು 52 ಮೀಟರ್ ಆಚೆಯಿಂದ ನೋಡಿದ ಹಾಗೆ. ಅಷ್ಟು ದೂರಕ್ಕೆ ಮರಳು ಕಾಣುವುದಿಲ್ಲ, ತರಿ ಕಾಣುವುದಿಲ್ಲ. ಗೆರೆಗಳು ಕಾಣುತ್ತವೆ, ಕಲೆಗಳು ಕಾಣುತ್ತವೆ. ಅಷ್ಟೇ.

ಆ ಗೆರೆ ಎಲ್ಲಿಂದ ಬಂತು ಅನ್ನುವುದೇ ಮುಖ್ಯ. ಉದ್ದದ ತಡೆಗೋಡೆಯನ್ನು ಒಂದೇ ಸಲಕ್ಕೆ ಎರೆಯುವುದಿಲ್ಲ. ಅಂಕಣ ಅಂಕಣವಾಗಿ ಕಟ್ಟುತ್ತಾರೆ. ಆರರಿಂದ ಒಂಬತ್ತು ಮೀಟರಿಗೊಂದು ನೇರ ಸಂದು ಬಿಡುತ್ತಾರೆ, ಕಾಂಕ್ರೀಟ್ ಕುಗ್ಗಿದಾಗ ಬಿರುಕು ಅಲ್ಲೇ ಬೀಳಲಿ ಅಂತ. ಎಂಟು ಮೀಟರ್ ಅಂದುಕೊಂಡರೆ ನಿಮಗೆ 92 ಮಿ.ಮೀ.ಗೆ ಒಂದು ಸಂದು. ಇಡೀ ಗೋಡೆಗೆ ಹದಿಮೂರು ಅಂಕಣ. ಒಂದು ಅಂಕಣವನ್ನೂ ಕೆಳಗಿಂದ ಮೇಲಕ್ಕೆ ಹಂತ ಹಂತವಾಗಿ ಎರೆಯುತ್ತಾರೆ. ನಿನ್ನೆಯ ಕಾಂಕ್ರೀಟಿನ ಮೇಲೆ ಇವತ್ತಿನದು ಕೂತ ಕಡೆ ಅಡ್ಡ ಗೆರೆ ಉಳಿಯುತ್ತದೆ. ಒಂದೂವರೆ ಮೀಟರಿಗೆ ಒಂದು ಹಂತ ಅಂದರೆ 17 ಮಿ.ಮೀ. ಇದರ ಮೇಲೆ ಸೆಂಟ್ರಿಂಗ್ ಹಲಗೆಯ ಗುರುತು. 15 ಸೆಂ.ಮೀ. ಅಗಲದ ಹಲಗೆ ನಿಮಗೆ 1.7 ಮಿ.ಮೀ. ಬುಡದ ಹತ್ತಿರ ನೀರು ಬಸಿಯುವ ತೂತುಗಳು. 10 ಸೆಂ.ಮೀ. ತೂತಿಗೆ 1.2 ಮಿ.ಮೀ. ಡ್ರಿಲ್ ಬಿಟ್ ಸಾಕು. 25ರಿಂದ 35 ಮಿ.ಮೀ.ಗೊಂದು ಕೊರೆಯಿರಿ.

ಗೋಡೆಯ ಮುಖ ನೇರ ನಿಲ್ಲಬಾರದು. ಮಣ್ಣಿನ ಕಡೆಗೆ ಸ್ವಲ್ಪ ಒರಗಿರಲಿ. 60 ಮಿ.ಮೀ. ಎತ್ತರಕ್ಕೆ 3ರಿಂದ 5 ಮಿ.ಮೀ. ಸಾಕು. ಇದೊಂದನ್ನು ಮಾಡಿದ ಕೂಡಲೇ ಗೋಡೆಗೆ ತೂಕ ಬರುತ್ತದೆ, ಪರದೆ ಕಟ್ಟಿದ ಹಾಗೆ ಕಾಣುವುದು ತಪ್ಪುತ್ತದೆ.

ನಿಮ್ಮ ಲೇಔಟ್ ಯಾವ ಕಾಲದ್ದು ಅಂತ ಹೇಳಿಲ್ಲ. ಉಗಿ ಎಂಜಿನ್ ಕಾಲದ್ದಾದರೆ ಕಿರಿದಾದ ಹಲಗೆ ಗುರುತೇ ಸರಿ. ಈಚಿನದಾದರೆ ಪ್ಲೈವುಡ್ ಶಟರಿಂಗ್: 1.2 ಮೀಟರಿಗೆ 2.4 ಮೀಟರ್ ಹಾಳೆ, ನಿಮ್ಮ ಅಳತೆಗೆ 14ಕ್ಕೆ 28 ಮಿ.ಮೀ. ಅದರಲ್ಲಿ ಶಟರಿಂಗ್ ಬಿಗಿದ ಕಂಬಿಗಳ ತೂತು ಸಾಲಾಗಿ ಕಾಣುತ್ತದೆ. ಒಂದಕ್ಕೊಂದು ಸಿಕ್ಕಿಸಿದ ಅಚ್ಚಿನ ಫಲಕಗಳ ಗೋಡೆ ಹಳೇ ಲೇಔಟ್‌ಗೆ ಬೇಡ. ಆ ವಿಧಾನವನ್ನು ಫ್ರಾನ್ಸಿನ ಎಂಜಿನಿಯರ್ ಆನ್ರಿ ವಿದಾಲ್ ರೂಪಿಸಿದ್ದೇ 1960ರ ದಶಕದಲ್ಲಿ.

ಎರಡನೆಯವರು:

ಮೇಲಿನವರು ಹೇಳಿದ್ದೆಲ್ಲ ಒಪ್ಪಿದೆ. ನಾನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಎರೆಯುತ್ತೇನೆ, ಬೇರೆ ಯಾವುದಕ್ಕೂ ಹೋಗುವುದಿಲ್ಲ. ಕಾರಣ ಇದೆ. ಅಸಲಿ ಗೋಡೆಯಲ್ಲಿ ಹಲಗೆ ಗುರುತು ಒಳಗೆ ಇಳಿದ ಗೆರೆ ಅಲ್ಲ. ಎರಡು ಹಲಗೆಯ ನಡುವಿನ ಸಂದಿಗೆ ಸಿಮೆಂಟು ಹಾಲು ನುಗ್ಗಿ ಗಟ್ಟಿಯಾಗಿ ಸಣ್ಣ ಏಣು ಆಗಿರುತ್ತದೆ. ಅಚ್ಚಿನಲ್ಲಿ ಎರೆದರೆ ಅದು ತಾನಾಗಿಯೇ ಬರುತ್ತದೆ.

ಗಾಜಿನ ತುಂಡಿನ ಮೇಲೆ ಪ್ಲಾಸ್ಟಿಕ್ ಪಟ್ಟಿಗಳನ್ನು ಕೂದಲೆಳೆ ಸಂದು ಬಿಟ್ಟು ಅಂಟಿಸಿ. ಸುತ್ತ 6 ಮಿ.ಮೀ. ಎತ್ತರದ ಅಂಚು ಕಟ್ಟಿ. ಒಂದೇ ಅಂಕಣದ ಅಚ್ಚು ಸಾಕು, ಹದಿಮೂರು ಸಲ ಎರೆದರಾಯಿತು. ನೀರಿಗೆ ಪುಡಿ ಹಾಕಿ, ಪುಡಿಗೆ ನೀರು ಹಾಕಬೇಡಿ. ಗಂಟಾಗುತ್ತದೆ. ಪುಡಿ ತಾನೇ ನೀರು ಕುಡಿಯಲಿ, ಆಮೇಲೆ ನಿಧಾನಕ್ಕೆ ತಿರುಗಿಸಿ. ಜೋರಾಗಿ ಕಲಕಿದರೆ ಗಾಳಿ ತುಂಬುತ್ತದೆ, ಬೇಗ ಬಿಗಿದುಕೊಳ್ಳುತ್ತದೆ. ಮೊದಲು ತೆಳುವಾಗಿ ಒಂದು ಪದರ ಬ್ರಷ್‌ನಿಂದ ಸಂದಿಗಳಿಗೆ ತುಂಬಿ, ಉಳಿದದ್ದನ್ನು ಸುರಿದು ಮೇಜನ್ನು ತಳದಿಂದ ತಟ್ಟಿ. ಅಲ್ಲೊಂದು ಇಲ್ಲೊಂದು ಗುಳ್ಳೆ ಉಳಿದರೆ ಮುಚ್ಚಬೇಡಿ. ಅಸಲಿ ಗೋಡೆಯಲ್ಲೂ ಅವು ಇರುತ್ತವೆ.

ಅವಸರ ಮಾತ್ರ ಬೇಡ. ಕೈಗೆ ಗಟ್ಟಿ ಅನಿಸಿದ ಕೂಡಲೇ ಎಬ್ಬಿಸಿ ನಾನು ನಾಲ್ಕು ಅಂಕಣ ಮುರಿದಿದ್ದೇನೆ. ಗಟ್ಟಿಯಾಗುವಾಗ ಪ್ಲಾಸ್ಟರ್ ಬಿಸಿಯಾಗುತ್ತದೆ. ಆ ಬಿಸಿ ಪೂರ್ತಿ ಆರಿದ ಮೇಲೆ ಎಬ್ಬಿಸಿ. ಬಣ್ಣಕ್ಕೆ ಇನ್ನೂ ಎರಡು ದಿನ ಕಾಯಿರಿ.

ಮೂರನೆಯವರು:

ಪ್ಲಾಸ್ಟರ್ ಚೆನ್ನ, ಆದರೆ ಭಾರ. ನನ್ನ ಲೇಔಟ್ ತುಂಡು ತುಂಡಾಗಿ ಬಿಚ್ಚಿ ಸಾಗಿಸುವಂಥದ್ದು, ಎರಡು ಸಾಗಾಟಕ್ಕೇ ಮೂಲೆಗಳು ಉದುರಿದವು. ಈಗ ಫೋಮ್ ಬೋರ್ಡ್ (ಎರಡೂ ಬದಿಗೆ ಕಾಗದ ಅಂಟಿಸಿದ ಹಗುರ ಫೋಮ್ ಹಾಳೆ) ತಂದು ಮುಂಬದಿಯ ಕಾಗದ ಸುಲಿದು ಬಳಸುತ್ತೇನೆ. ಚಾಕುವಿನ ಬೆನ್ನಿನಿಂದ ಗೆರೆ ಎಳೆದರೆ ಸಾಕು. ಗೆರೆ ಏಣಾಗದೆ ಒಳಗೆ ಇಳಿಯುತ್ತದೆ, ಅದು ನಿಜ. ಆದರೆ 52 ಮೀಟರ್ ದೂರದಿಂದ ಯಾರಿಗೂ ಗೊತ್ತಾಗುವುದಿಲ್ಲ. ಗೆರೆ ಆಳ ಆಗಬಾರದು, ಅಷ್ಟೇ. ಆಳವಾದರೆ ಬಣ್ಣದ ಮೇಲೆ ಹಚ್ಚುವ ತೆಳು ಕಪ್ಪು ಮಸಿ ಅಲ್ಲಿ ಕೂತು ಹಲಗೆ ಬೇಲಿಯ ತರ ಕಾಣುತ್ತದೆ.

ಎರಡು ಎಚ್ಚರಿಕೆ. ಸ್ಪ್ರೇ ಬಣ್ಣ ಬೇಡ, ಅದರ ದ್ರಾವಕ ಫೋಮನ್ನು ತಿಂದುಬಿಡುತ್ತದೆ. ಅಕ್ರಿಲಿಕ್ ಮಾತ್ರ. ಹಿಂಬದಿಗೂ ಬಣ್ಣ ಹಚ್ಚಿ. ಹಿಂದಿನ ಕಾಗದ ಹಾಗೇ ಇದ್ದರೆ ಒಂದು ಬದಿ ಮಾತ್ರ ಒದ್ದೆಯಾಗಿ ಬೋರ್ಡ್ ಬಾಗುತ್ತದೆ.

ನಾಲ್ಕನೆಯವರು:

ಬಣ್ಣದ ಬಗ್ಗೆ ಯಾರೂ ಹೇಳಲಿಲ್ಲ. ನಿಮ್ಮ ಮೊದಲ ಗೋಡೆ ಸೋತಿದ್ದು ಪ್ಲಾಸ್ಟಿಕ್‌ನಿಂದ ಅಲ್ಲ, ಆ ಬೂದು ಬಣ್ಣದಿಂದ ಅಂತ ನನಗನಿಸುತ್ತದೆ. ಕಪ್ಪು, ಬಿಳಿ ಕಲಸಿದ ಬೂದು ನೀಲಿಗೆ ತಿರುಗುತ್ತದೆ. ಕಾಂಕ್ರೀಟ್ ಹಾಗಿರುವುದಿಲ್ಲ. ಮಾಸಿದ ಬಿಳಿಗೆ ಒಂದು ಚೂರು ಹಳದಿ ಕಾವಿ, ಒಂದು ಚೂರು ಕಂದು ಸೇರಿಸಿ. ಜಾಸ್ತಿ ತಿಳಿಯಾಯಿತು ಅನಿಸಬೇಕು. ಮುಂದೆ ಹಾಕುವ ಮಸಿ ಅದನ್ನು ತಗ್ಗಿಸುತ್ತದೆ. ಪ್ರತಿ ಅಂಕಣಕ್ಕೂ ಬಣ್ಣ ಸ್ವಲ್ಪ ಬೇರೆ ಇರಲಿ. ಒಂದೊಂದು ದಿನ ಎರೆದ ಕಾಂಕ್ರೀಟ್ ಒಂದೊಂದು ತರ ಇರುತ್ತದಲ್ಲ, ಹಾಗೆ. ನನ್ನ ಗೋಡೆ ಬದಲಾಗಿದ್ದು ಈ ಒಂದು ಕೆಲಸದಿಂದ.

ಆಮೇಲೆ ನೀರಿನ ಹಿಂದೆ ಹೋಗಿ. ಮಳೆ ಬಂದರೆ ನೀರು ಎಲ್ಲಿಂದ ಇಳಿಯುತ್ತದೆ ಅಂತ ಒಂದೊಂದು ಅಂಕಣಕ್ಕೂ ಕೇಳಿಕೊಳ್ಳಿ. ಮೇಲಂಚು ದಾಟಿ ಹರಿದ ಕಡೆ ಕಪ್ಪು ಪಟ್ಟಿ, ಮೇಲೆ ಅಗಲ, ಕೆಳಗೆ ಹೋಗುತ್ತಾ ಸಣ್ಣ. ಬಿರುಕು, ಸಂದುಗಳಿಂದ ಒಸರಿದ ಕಡೆ ಸುಣ್ಣದ ಬಿಳಿ. ಬಸಿಯುವ ತೂತಿನ ಕೆಳಗೆ ಒದ್ದೆ ಕಲೆ, ಬುಡದಲ್ಲಿ ಪಾಚಿ. ಮೇಲೆ ಕಬ್ಬಿಣದ ಕಟಕಟೆ ಇದ್ದರೆ ಅದರ ಕಾಲಿನ ಕೆಳಗೆ ಮಾತ್ರ ತುಕ್ಕು. ಕಾರಣ ಇಲ್ಲದ ಕಡೆ ಸುಮ್ನೆ ತುಕ್ಕು ಹಚ್ಚಬೇಡಿ.

ಕಪ್ಪಿಗೆ ಇಂಡಿಯಾ ಇಂಕನ್ನು (ಚಿತ್ರ ಬರೆಯುವ ಕಪ್ಪು ಶಾಯಿ) ಐಸೋಪ್ರೊಪೈಲ್ ಆಲ್ಕೋಹಾಲ್‌ಗೆ ಹಾಕಿ ತುಂಬಾ ತೆಳು ಮಾಡಿಕೊಳ್ಳಿ. ಒಮ್ಮೆ ಹಚ್ಚಿ, ಒಣಗಲಿ, ನೋಡಿ, ಬೇಕಿದ್ದರೆ ಮತ್ತೊಮ್ಮೆ. ಬ್ರಷ್ ಎಳೆಯುವುದು ಯಾವಾಗಲೂ ಮೇಲಿಂದ ಕೆಳಕ್ಕೆ. ಬಿಳಿಗೆ ಒಣ ಚಾಕ್ ಪುಡಿ. ಕೊನೆಗೆ ವಾರ್ನಿಶ್ ಹೊಡೆದರೆ ಆ ಬಿಳಿ ಅರ್ಧಕ್ಕರ್ಧ ಮಾಯವಾಗುತ್ತದೆ, ಹಾಗಾಗಿ ಮುಂಚೆಯೇ ಜಾಸ್ತಿ ಹಾಕಿರಿ. ಮ್ಯಾಟ್ ಲ್ಯಾಕರ್ (ಹೊಳಪಿಲ್ಲದ ವಾರ್ನಿಶ್) ಹೊಡೆದ ಮೇಲೆ ಮತ್ತೆ ಆಲ್ಕೋಹಾಲ್ ಮಸಿ ಹಚ್ಚಿದರೆ ಮೇಲ್ಮೈ ಬೆಳ್ಳಗಾಗುತ್ತದೆ. ನನಗೆ ಮೊದಲ ಸಲ ಅಳುವೇ ಬಂತು. ಈಗ ಸುಣ್ಣದ ಕಲೆ ಬೇಕಾದ ಕಡೆ ಬೇಕಂತಲೇ ಹಾಗೆ ಮಾಡುತ್ತೇನೆ.

ಕೇಳಿದವರು ಮತ್ತೆ:

ಎಲ್ಲರಿಗೂ ತುಂಬಾ ಧನ್ಯವಾದ. ನನ್ನದು ಉಗಿ ಎಂಜಿನ್ ಕಾಲದ್ದೇ, ಹಲಗೆ ಗುರುತೇ ಮಾಡುತ್ತೇನೆ. ಒಂದು ಸಂಗತಿ ಬಿಟ್ಟುಹೋಗಿತ್ತು. ಗೋಡೆಯ ಅರ್ಧ ಭಾಗ ತಿರುವಿನ ಒಳಬದಿಗೆ ಬರುತ್ತದೆ. ತ್ರಿಜ್ಯ 600 ಮಿ.ಮೀ. ಹಳಿಯಿಂದ ಎಷ್ಟು ದೂರ ಬಿಡಲಿ?

ಮೊದಲು ಉತ್ತರಿಸಿದವರು:

ಒಳ್ಳೇದಾಯ್ತು ಈಗಲೇ ಕೇಳಿದ್ದು. ತಿರುವಿನಲ್ಲಿ ಬೋಗಿಯ ನಡುಭಾಗ ಒಳಕ್ಕೆ ಚಾಚುತ್ತದೆ. ಎಷ್ಟು ಅಂತ ಲೆಕ್ಕ ಹಾಕಬಹುದು. ಬೋಗಿಯ ಎರಡೂ ಗಾಲಿ ಜೋಡಣೆಗಳ ನಡುವಿನ ದೂರವನ್ನು ಅದರಿಂದಲೇ ಗುಣಿಸಿ, ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿ. 220 ಮಿ.ಮೀ. ಇದ್ದರೆ 48,400 ಭಾಗಿಸು 4,800. ಸುಮಾರು 10 ಮಿ.ಮೀ. ಇದಕ್ಕೆ ಬೋಗಿಯ ಅರ್ಧ ಅಗಲ, 18 ಮಿ.ಮೀ. ಸೇರಿಸಿ. ಹಳಿಯ ನಡುಗೆರೆಯಿಂದ 28 ಮಿ.ಮೀ.ಗೆ ಬೋಗಿ ಬಂದೇ ಬರುತ್ತದೆ. ಇದರ ಮೇಲೆ ಕನಿಷ್ಠ 6 ಮಿ.ಮೀ. ಬಿಡಿ. ಹೊರಬದಿಯಲ್ಲಿ ಗೋಡೆ ಇದ್ದಿದ್ದರೆ ನಡುಭಾಗದ ಬದಲು ಬೋಗಿಯ ತುದಿಯನ್ನು ನೋಡಬೇಕಿತ್ತು.

ಲೆಕ್ಕಕ್ಕಿಂತ ನಂಬಿಕೆಯದು ಪೆನ್ಸಿಲ್. ನಿಮ್ಮ ಹತ್ತಿರದ ಅತಿ ಉದ್ದದ ಬೋಗಿಯ ಒಳಬದಿಯ ಗೋಡೆಗೆ, ಉದ್ದದ ನಡುವಿಗೆ ಪೆನ್ಸಿಲ್ ಕಟ್ಟಿ ಕೈಯಲ್ಲಿ ತಳ್ಳಿ. ಅದು ಎಳೆದ ಗೆರೆಯಿಂದಾಚೆ ಗೋಡೆ ನಿಲ್ಲಲಿ. ಗೋಡೆ ಹಿಂದಕ್ಕೆ ಒರಗಿರುವುದರಿಂದ ಬುಡವೇ ಹಳಿಗೆ ಹತ್ತಿರ. ಅಳತೆ ತೆಗೆಯುವುದು ಬುಡದಲ್ಲಿ.

ತಿರುವಿಗೆ ಗೋಡೆಯನ್ನು ಬಗ್ಗಿಸಲು ಹೋಗಬೇಡಿ. ಅಂಕಣಗಳು ನೇರವಾಗಿಯೇ ಇರಲಿ, ಸಂದಿನಲ್ಲಿ ಮಾತ್ರ ತಿರುಗಲಿ. ನೇರ ಹಲಗೆ ಇಟ್ಟು ಎರೆದ ಎಷ್ಟೋ ಅಸಲಿ ಗೋಡೆಗಳೂ ಹಾಗೇ ತಿರುಗುತ್ತವೆ.

ಕೇಳಿದವರು:

ಪೆನ್ಸಿಲ್ ಕಟ್ಟಿ ತಳ್ಳಿದೆ. ಗೆರೆ 29 ಮಿ.ಮೀ.ಗೆ ಬಿತ್ತು. ಗೋಡೆಯ ಬುಡಕ್ಕೆ 36 ಇಟ್ಟುಕೊಂಡಿದ್ದೇನೆ. ಮೊದಲ ಅಂಕಣ ಎರೆದು ಅಚ್ಚಿನಲ್ಲೇ ಬಿಟ್ಟಿದ್ದೇನೆ. ಮುಟ್ಟಿದರೆ ಇನ್ನೂ ಬೆಚ್ಚಗಿದೆ.