ಡ್ಯಾಂಪಿಂಗ್ ಶೀಟ್ ಹೊಡೆಸುವ ಮುಂಚೆ ಬಾಗಿಲು ತಟ್ಟಿ ನೋಡಿ

ಪ್ರಶ್ನೆ (ರಾಯಚೂರು): ಅಣ್ಣಾ, ನಮಸ್ಕಾರ. ನನ್ನದು ಸಣ್ಣ ಹ್ಯಾಚ್‌ಬ್ಯಾಕ್, ಏಳು ವರ್ಷ ಆಯಿತು. ಎಂಬತ್ತು ದಾಟಿದರೆ ಹಿಂದೆ ಕೂತವರ ಮಾತು ಕೇಳಿಸುವುದಿಲ್ಲ. ಹಾಡು ಜೋರಾಗಿ ಹಾಕಿದರೆ ಮುಂದಿನ ಬಾಗಿಲು ಗಡಗಡ ಅನ್ನುತ್ತದೆ. ಅಂಗಡಿಯವರು ಇಡೀ ಗಾಡಿಗೆ ಡ್ಯಾಂಪಿಂಗ್ ಶೀಟ್, ಅಂದರೆ ಸದ್ದು ತಗ್ಗಿಸಲು ತಗಡಿಗೆ ಅಂಟಿಸುವ ಶೀಟ್, ಹೊಡೆಸಿ ಅಂತಿದ್ದಾರೆ. ಬ್ಯುಟೈಲ್ ಅನ್ನೋ ರಬ್ಬರಿನದು ದುಬಾರಿ, ಡಾಂಬರಿನದು ಅಗ್ಗ, ಕೆಲಸ ಎರಡರದ್ದೂ ಒಂದೇ ಅಂದರು. ನಿಜಾನಾ?

ಉತ್ತರ (ಕಾರ್ ಆಡಿಯೋ ಫಿಟ್ಟರ್): ಒಂದೇ ಅಲ್ಲ ಸರ್. ನಿಮ್ಮೂರ ಬಿಸಿಲಿಗಂತೂ ಅಲ್ಲವೇ ಅಲ್ಲ. ಹಿಂದೊಮ್ಮೆ ಒಬ್ಬರು ಅಗ್ಗದ ಶೀಟ್ ಹಾಕಿಸಿದ್ದ ಗಾಡಿ ತಂದಿದ್ದರು. ಬಾಗಿಲ ಒಳಗಿನ ಹೊದಿಕೆ (ಟ್ರಿಮ್) ಬಿಚ್ಚಿದರೆ ಶೀಟು ಜಾರಿ ಬಾಗಿಲ ತಳಕ್ಕೆ ಬಂದು ಕೂತಿತ್ತು. ಕಪ್ಪು ಅಂಟು ಗ್ಲಾಸ್ ಇಳಿಯುವ ಚಾನೆಲ್‌ಗೂ ಮೆತ್ತಿಕೊಂಡಿತ್ತು. ಬಿಡಿಸುವುದಕ್ಕೇ ಒಂದು ದಿನ ಹೋಯಿತು. ಬಾಗಿಲಿಗೆ 2 ಮಿಲಿಮೀಟರ್ ಬ್ಯುಟೈಲ್, ಮೇಲೆ ಅಲ್ಯೂಮಿನಿಯಂ ಫಾಯಿಲ್ ಇರುವುದನ್ನೇ ತಗೊಳ್ಳಿ.

ಆದರೆ ಒಂದು ಮಾತು. ಈ ಶೀಟು ತಗಡಿನ ನಡುಕ ನಿಲ್ಲಿಸುತ್ತದೆ, ಅಷ್ಟೇ. ಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟಣ್ ಅಂದರೆ ಶೀಟು ಬೇಕು. ಟಪ್ ಅಂದರೆ ಅಲ್ಲಿ ಸುಮ್ನೆ ದುಡ್ಡು ದಂಡ. ಪೂರ್ತಿ ಮುಚ್ಚುವುದೂ ಬೇಡ, ತಗಡಿನ ಅಗಲವಾದ ನಡುಭಾಗಕ್ಕೆ ಬಿದ್ದರೆ ಬಹಳಷ್ಟು ಕೆಲಸ ಆಗುತ್ತದೆ. ನಿಮ್ಮ ಗಡಗಡ ಇದರಿಂದ ಹೋಗಬೇಕು.

ಎಂಬತ್ತರ ಮೇಲಿನ ಸದ್ದು ಬೇರೆ. ಅದು ಹೆಚ್ಚಾಗಿ ಟೈರು, ಬಾಗಿಲ ಬೀಡಿಂಗ್ ರಬ್ಬರು. ಟೈರ್ ಪಕ್ಕದಲ್ಲಿ ಡಿಒಟಿ ಅಂತ ಇರುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹಳೆ ಟೈರು ಗಟ್ಟಿಯಾಗಿ ಊಳಿಡುತ್ತದೆ, ಯಾವ ಶೀಟೂ ಅದನ್ನು ಪೂರ್ತಿ ತಡೆಯುವುದಿಲ್ಲ. ಆಮೇಲೂ ಸದ್ದು ಬಂದರೆ ಕಾರ್ಪೆಟ್ ಕೆಳಗೆ ಸದ್ದು ತಡೆಯುವ ಭಾರದ ವಿನೈಲ್ ಹಾಳೆ ಹಾಸಬಹುದು. ಆದರೆ ಅದು ಒಂದು ಚದರ ಮೀಟರಿಗೇ ಸುಮಾರು 5 ಕೆಜಿ ತೂಗುತ್ತದೆ, ಸಣ್ಣ ಗಾಡಿಗೆ ಯೋಚಿಸಿ ಹಾಕಿಸಿ.

ಪ್ರಶ್ನೆ (ತೀರ್ಥಹಳ್ಳಿ): ಸರ್, ನಮ್ಮ ಕಡೆ ಮಳೆ ಶುರುವಾದರೆ ಕಾರೊಳಗೆ ಕೂತರೂ ತಗಡಿನ ಶೆಡ್ಡಲ್ಲಿ ಕೂತ ಹಾಗೆ. ಟಾಪಿಗೂ ಬ್ಯುಟೈಲ್ ಹಾಕಬಹುದಾ? ಬಾಗಿಲಿಗೆ ಸ್ಪಂಜ್ ಕೂಡ ತುಂಬಿಸೋಣ ಅಂತಿದ್ದೇನೆ.

ಉತ್ತರ: ಟಾಪಿಗೆ ಹಾಕಿಸಿ ಮೇಡಂ, ಮಳೆ ಸದ್ದು ಚೆನ್ನಾಗಿ ತಗ್ಗುತ್ತದೆ. ಅಂಚಿನಲ್ಲಿ ಕರ್ಟನ್ ಏರ್‌ಬ್ಯಾಗ್ (ಕಿಟಕಿ ಮೇಲೆ ಪರದೆಯಂತೆ ಬಿಚ್ಚಿಕೊಳ್ಳುವುದು) ಇದ್ದರೆ ಆ ಜಾಗ ಮಾತ್ರ ಮುಟ್ಟಿಸಬೇಡಿ. ಸಾಮಾನ್ಯ ಸ್ಪಂಜ್ ಬೇಡವೇ ಬೇಡ. ಗ್ಲಾಸ್ ಪಕ್ಕದಿಂದ ಬಾಗಿಲೊಳಗೆ ನೀರು ಇಳಿಯುತ್ತಲೇ ಇರುತ್ತದೆ, ಸ್ಪಂಜ್ ಅದನ್ನು ಹೀರಿ ಕೂತರೆ ತುಕ್ಕು ಗ್ಯಾರಂಟಿ. ನೀರು ಹೀರದ ಕ್ಲೋಸ್ಡ್ ಸೆಲ್ ಫೋಮ್ ಕೇಳಿ. ಬಾಗಿಲ ತಳದ ತೂತುಗಳನ್ನೂ ಮುಚ್ಚಬಾರದು.

ಅಂಟಿಸುವವರ ಪಕ್ಕದಲ್ಲೇ ನಿಂತಿರಿ. ಮೊದಲು ಧೂಳು, ಜಿಡ್ಡು ಒರೆಸಬೇಕು. ಆಮೇಲೆ ರೋಲರ್ ಹಾಕಿ ಒತ್ತಬೇಕು. ಫಾಯಿಲ್ ಮೇಲಿನ ಉಬ್ಬು ಚಿತ್ತಾರ ಚಪ್ಪಟೆ ಆದರೆ ಸರಿಯಾಗಿ ಒತ್ತಿದ್ದಾರೆ ಅಂತ ಲೆಕ್ಕ.

ರಾಯಚೂರಿನವರು: ಅಣ್ಣಾ, ನೋಡಿದೆ. ನಾಲ್ಕೂ ಟೈರ್ ಮೇಲೆ 1418 ಅಂತಿದೆ! ಬಾಗಿಲು ಮಾತ್ರ ಟಣ್ ಟಣ್.

ಉತ್ತರ: ಹಾಗಾದರೆ ಮೊದಲು ಟೈರು, ಜೊತೆಗೆ ಮುಂದಿನ ಎರಡು ಬಾಗಿಲಿಗೆ ಬ್ಯುಟೈಲ್. ಉಳಿದದ್ದು ಸದ್ಯಕ್ಕೆ ಬೇಡ. ಫಾಯಿಲ್ ಡಾಂಬರಿನ ಶೀಟಿಗೂ ಅಂಟಿಸಿರುತ್ತಾರೆ, ಬೆಳ್ಳಗೆ ಹೊಳೆಯುತ್ತದೆ ಅಂತ ನಂಬಬೇಡಿ. ಹಿಂದಿನ ಕಾಗದ ಸ್ವಲ್ಪ ಸುಲಿದು ಮೂಸಿ ನೋಡಿ. ರಸ್ತೆ ಕೆಲಸದ ವಾಸನೆ ಬಂದರೆ ಅಲ್ಲೇ ವಾಪಸ್ ಕೊಟ್ಟುಬಿಡಿ.