ಕೆಲಸದ ಭಾರವಿಲ್ಲದಿರುವಾಗಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿದೆ: ದೋಷ ಕರೆಂಟಿನದೋ, ಪ್ರೊಸೆಸರ್ ವೇಗದ ಸೆಟ್ಟಿಂಗಿನದೋ?

ಪ್ರಶ್ನೆ – ಗೋಣಿಕೊಪ್ಪದಿಂದ

ಎಲ್ಲರಿಗೂ ನಮಸ್ಕಾರ. ಗೋಣಿಕೊಪ್ಪದಲ್ಲಿ ನಾನು ಡಿಟಿಪಿ ಮತ್ತು ಫೋಟೋ ಕೆಲಸದ ಸಣ್ಣ ಅಂಗಡಿ ನಡೆಸುತ್ತಿದ್ದೇನೆ. ನನ್ನ ಕಂಪ್ಯೂಟರಿನಲ್ಲಿ ರೈಜನ್ 5 5600ಎಕ್ಸ್ ಪ್ರೊಸೆಸರ್, ಬಿ550 ಮದರ್‌ಬೋರ್ಡ್ ಮತ್ತು 3600 ವೇಗದ 16 ಜಿಬಿ ಡಿಡಿಆರ್4 ರ‍್ಯಾಮ್ ಇವೆ. ಜೋಡಿಸಿಕೊಟ್ಟವರು ಬಯೋಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವಲ್ಲಿ) ರ‍್ಯಾಮ್‌ಗೆ ಎಕ್ಸ್‌ಎಂಪಿ (ಅದರ ಘೋಷಿತ ಪೂರ್ಣ ವೇಗ ಕೊಡುವ ಸೆಟ್ಟಿಂಗ್) ಹಾಕಿ, ಪಿಬಿಒ (ಪ್ರೊಸೆಸರ್‌ನ ವಿದ್ಯುತ್ ಮಿತಿ ಸಡಿಲಿಸಿ ವೇಗ ಹೆಚ್ಚಿಸುವ ಸೌಲಭ್ಯ) ಚಾಲೂ ಮಾಡಿ, ವೋಲ್ಟೇಜ್ ಏರಿಸಿ ಇಳಿಸುವ ಕರ್ವ್ ಆಪ್ಟಿಮೈಜರ್‌ನಲ್ಲಿ ಎಲ್ಲ ಕೋರ್‌ಗಳಿಗೂ (ಪ್ರೊಸೆಸರ್ ಒಳಗಿನ ಕೆಲಸದ ಘಟಕಗಳಿಗೂ) ಮೈನಸ್ 30 ಇಟ್ಟಿದ್ದಾರೆ.

ತೊಂದರೆ ಏನೆಂದರೆ, ಮದುವೆ ವಿಡಿಯೋ ರೆಂಡರ್ ಮಾಡುವಾಗ ಯಂತ್ರ ಗಂಟೆಗಟ್ಟಲೆ ಅಲುಗಾಡದೆ ನಡೆಯುತ್ತದೆ, ಎಲ್ಲ ಕೋರ್‌ಗಳಿಗೂ ಪೂರ್ಣ ಭಾರ ಕೊಡುವ ಸಿನೆಬೆಂಚ್ ಪರೀಕ್ಷೆಯನ್ನೂ ಪೂರೈಸುತ್ತದೆ. ಆದರೆ ಲಗ್ನಪತ್ರಿಕೆಯ ಪುಟ ತೆರೆದಿಟ್ಟು ಗಿರಾಕಿಯೊಡನೆ ಹೆಸರುಗಳ ಕಾಗುಣಿತ ನೋಡುತ್ತಿರುವಾಗ, ಅಂದರೆ ಯಂತ್ರಕ್ಕೆ ಹೆಚ್ಚು ಕೆಲಸವೇ ಇಲ್ಲದ ಹೊತ್ತಿನಲ್ಲಿ, ಪರದೆ ಕಪ್ಪಾಗಿ ರೀಸ್ಟಾರ್ಟ್ ಆಗುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋಗಿ ಬರುವುದು, ವೋಲ್ಟೇಜ್ ಏರಿಳಿಯುವುದು ಎಲ್ಲರಿಗೂ ತಿಳಿದ ವಿಷಯವಾದ್ದರಿಂದ ಮೊದಲು ಅದರ ಮೇಲೆಯೇ ಸಂಶಯಪಟ್ಟೆ. ಹೊಸ ಎಸ್‌ಎಂಪಿಎಸ್ (ಯಂತ್ರಕ್ಕೆ ಕರೆಂಟು ಒದಗಿಸುವ ಪೆಟ್ಟಿಗೆ) ಕೊಳ್ಳುವ ಮುನ್ನ ಅನುಭವಸ್ಥರ ಅಭಿಪ್ರಾಯ ಬೇಕಾಗಿದೆ.

ಉತ್ತರ – ಮಡಿಕೇರಿಯಿಂದ

ದಯವಿಟ್ಟು ಈಗಲೇ ಏನನ್ನೂ ಕೊಳ್ಳಬೇಡಿ. ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು, ಸಿಸ್ಟಮ್ ವಿಭಾಗದಲ್ಲಿ ರೀಸ್ಟಾರ್ಟ್ ಆದ ಸಮಯದ ದಾಖಲೆಗಳನ್ನು ನೋಡಿ. ಕರ್ನಲ್-ಪವರ್ 41 ಎಂಬುದು ಬಹುಶಃ ಇದ್ದೇ ಇರುತ್ತದೆ. ಹೆಸರಿನಲ್ಲಿ ಪವರ್ ಎಂದಿರುವುದರಿಂದ ಅನೇಕರು ಅದನ್ನು ಕರೆಂಟಿನ ದೋಷವೆಂದೇ ತಿಳಿಯುತ್ತಾರೆ. ಯಂತ್ರ ಕ್ರಮವಾಗಿ ಶಟ್‌ಡೌನ್ ಆಗಲಿಲ್ಲ ಎಂಬುದಷ್ಟೇ ಅದರ ತಾತ್ಪರ್ಯ, ಕಾರಣವನ್ನು ಅದು ಹೇಳುವುದಿಲ್ಲ. ಅದರ ಆಸುಪಾಸಿನಲ್ಲೇ ಡಬ್ಲ್ಯುಎಚ್‌ಇಎ-ಲಾಗರ್ 18 ಕಂಡರೆ ಪ್ರೊಸೆಸರ್ ತಾನೇ ದೋಷವನ್ನು ವರದಿ ಮಾಡಿದೆ ಎಂದರ್ಥ. ಆ ದಾಖಲೆಯಲ್ಲಿರುವ ದೋಷದ ಬಗೆಯನ್ನೂ ದೋಷ ಯಾವ ಕೋರಿನದೆಂದು ತಿಳಿಸುವ ಎಪಿಐಸಿ ಐಡಿ ಸಂಖ್ಯೆಯನ್ನೂ ಬರೆದುಕೊಳ್ಳಿ.

ಕರೆಂಟಿನ ವಿಷಯದಲ್ಲಿ ಒಂದನ್ನು ಮಾತ್ರ ಪರೀಕ್ಷಿಸಿ. ಮನೆ ಇನ್ವರ್ಟರ್ ಬಳಸುತ್ತಿದ್ದರೆ ಅದರ ಹಿಂಬದಿಯ ಸ್ವಿಚ್ ಯುಪಿಎಸ್ ಕಡೆಗಿರಲಿ. ಇನ್ನೊಂದು ಕಡೆಗಿದ್ದರೆ ಬ್ಯಾಟರಿಗೆ ಬದಲಾಗಲು ಹೆಚ್ಚು ಸಮಯ ಹಿಡಿಯುತ್ತದೆ. ಎಸ್‌ಎಂಪಿಎಸ್ ಪೂರ್ಣ ಭಾರದಲ್ಲಿ ಸುಮಾರು 16 ಮಿಲಿಸೆಕೆಂಡ್ ಮಾತ್ರ ಕರೆಂಟಿಲ್ಲದೆ ತಡೆದುಕೊಳ್ಳುವಂತೆ ತಯಾರಾಗಿರುತ್ತದೆ. ಆದರೂ ದೋಷ ಕರೆಂಟಿನದೇ ಆಗಿದ್ದರೆ ಯಂತ್ರ ರೆಂಡರ್ ಮಾಡುವ ಹೊತ್ತಿನಲ್ಲೇ ಮೊದಲು ಬೀಳಬೇಕಿತ್ತು ಎಂಬುದು ನನ್ನ ಅನಿಸಿಕೆ.

ಉತ್ತರ – ಕುಶಾಲನಗರದಿಂದ

ಮಡಿಕೇರಿಯವರು ಹೇಳಿದ್ದು ಸರಿ. ಭಾರವಿದ್ದಾಗ ನಿಂತು, ಭಾರವಿಲ್ಲದಾಗ ಬೀಳುವ ಈ ಲಕ್ಷಣವೇ ಸಂಶಯವನ್ನು ಕರ್ವ್ ಆಪ್ಟಿಮೈಜರ್ ಕಡೆಗೆ ತಿರುಗಿಸುತ್ತದೆ. ಕಾರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

5600ಎಕ್ಸ್‌ನ ಮೂಲ ವೇಗ 3.7 ಗಿಗಾಹರ್ಟ್ಸ್, ಬೂಸ್ಟ್ (ತಾನಾಗಿ ಏರಬಲ್ಲ ತುದಿಯ) ವೇಗ 4.6 ಗಿಗಾಹರ್ಟ್ಸ್. ಆರೂ ಕೋರ್‌ಗಳು ಒಟ್ಟಿಗೆ ದುಡಿಯುವಾಗ ವಿದ್ಯುತ್ತಿನ ಮಿತಿ ಮತ್ತು ಶಾಖದ ಕಾರಣದಿಂದ ಯಾವ ಕೋರೂ ತನ್ನ ತುದಿಯ ವೇಗವನ್ನು ಮುಟ್ಟುವುದಿಲ್ಲ. ಆದರೆ ಒಂದು ಫೈಲ್ ತೆರೆಯುವಂಥ ಕ್ಷಣಮಾತ್ರದ ಕೆಲಸ ಬಂದಾಗ ಒಂದೇ ಒಂದು ಕೋರ್ ನಿದ್ದೆಯಿಂದೆದ್ದು ನೇರವಾಗಿ ತುದಿಯ ವೇಗಕ್ಕೆ ಏರುತ್ತದೆ, ಮತ್ತು ಅತಿ ಹೆಚ್ಚು ವೋಲ್ಟೇಜ್ ಬೇಕಾಗುವುದು ಅಲ್ಲಿಯೇ. ಕರ್ವ್ ಆಪ್ಟಿಮೈಜರ್‌ನ ಒಂದೊಂದು ಅಂಕವೂ ಸುಮಾರು 3ರಿಂದ 5 ಮಿಲಿವೋಲ್ಟ್‌ಗೆ ಸಮ ಎಂದು ರೈಜನ್ ತಯಾರಿಸುವ ಎಎಂಡಿ ತಿಳಿಸಿದೆ. ಅಂದರೆ ಮೈನಸ್ 30 ಎಂದರೆ 90ರಿಂದ 150 ಮಿಲಿವೋಲ್ಟ್ ಕಡಿತ. ಎಲ್ಲ ಕೋರ್‌ಗಳೂ ಅಷ್ಟು ಕಡಿತವನ್ನು ತಾಳುವುದು ಅಪರೂಪ. ಅದರಲ್ಲೂ ಎಲ್ಲಕ್ಕಿಂತ ವೇಗವಾಗಿ ಓಡಬಲ್ಲ ಕೋರ್‌ಗಳೇ ಸಾಮಾನ್ಯವಾಗಿ ಕಡಿಮೆ ತಾಳುತ್ತವೆ, ಏಕೆಂದರೆ ತುದಿಗೆ ಏರುವ ಕೆಲಸವನ್ನು ವಿಂಡೋಸ್ ಹೆಚ್ಚಾಗಿ ಅವುಗಳಿಗೇ ವಹಿಸುತ್ತದೆ. ಸಿನೆಬೆಂಚ್ ಪೂರೈಸಿತು ಎಂಬ ಒಂದೇ ಆಧಾರದ ಮೇಲೆ ಇಂಥ ಯಂತ್ರವನ್ನು ಗಿರಾಕಿಗೆ ಒಪ್ಪಿಸುವುದು ಸರಿಯಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ.

ಬಯೋಸ್‌ನ ಈಗಿನ ಸೆಟ್ಟಿಂಗ್‌ಗಳ ಪುಟಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು, ಲೋಡ್ ಡಿಫಾಲ್ಟ್ಸ್ ಕೊಟ್ಟು, ಎಕ್ಸ್‌ಎಂಪಿಯೂ ಇಲ್ಲದೆ ಕೆಲವು ದಿನ ದಿನನಿತ್ಯದ ಕೆಲಸ ಮಾಡಿ ನೋಡಿ.

ಪ್ರಶ್ನೆ ಕೇಳಿದವರು – ಗೋಣಿಕೊಪ್ಪ

ಇಬ್ಬರಿಗೂ ಧನ್ಯವಾದಗಳು. ಇನ್ವರ್ಟರ್ ಯುಪಿಎಸ್ ಕಡೆಗೇ ಇತ್ತು. ಈವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯುಎಚ್‌ಇಎ-ಲಾಗರ್ 18 ಸಿಕ್ಕಿತು: ದೋಷದ ಬಗೆ ಕ್ಯಾಶ್ ಹೈರಾರ್ಕಿ ಎರರ್ (ಪ್ರೊಸೆಸರ್ ಒಳಗಿನ ವೇಗದ ಸ್ಮರಣೆಯ ದೋಷ), ಎಪಿಐಸಿ ಐಡಿ ಕೆಲವೊಮ್ಮೆ 4, ಕೆಲವೊಮ್ಮೆ 5. ಡಿಫಾಲ್ಟ್‌ಗೆ ತಂದ ಮೇಲೆ ರೀಸ್ಟಾರ್ಟ್ ಆಗಿಲ್ಲ, ನಡುವೆ ಕರೆಂಟು ಹೋಗಿ ಬಂದಾಗಲೂ ಏನೂ ಆಗಲಿಲ್ಲ. ಆದರೆ ಫೋಟೋ ಕೆಲಸ ತುಸು ನಿಧಾನವೆನಿಸುತ್ತಿದೆ. ಕಳೆದುಕೊಂಡ ವೇಗದಲ್ಲಿ ಒಂದಷ್ಟನ್ನು ಅಪಾಯವಿಲ್ಲದೆ ಮರಳಿ ಪಡೆಯಲು ಸಾಧ್ಯವೇ?

ಉತ್ತರ – ಕುಶಾಲನಗರದಿಂದ

ಸಾಧ್ಯವಿದೆ. ಒಂದು ಕೋರ್‌ಗೆ ಎರಡು ಥ್ರೆಡ್ (ಕೆಲಸದ ಸಾಲು), ಒಂದೊಂದು ಥ್ರೆಡ್‌ಗೂ ಒಂದು ಐಡಿ ಇರುವುದರಿಂದ 4 ಮತ್ತು 5 ಒಂದೇ ಕೋರ್‌ಗೆ ಸೇರಿದವು. ಸೊನ್ನೆಯಿಂದ ಎಣಿಸಿದರೆ ಅದು ಕೋರ್ 2. ಬೀಳುತ್ತಿದ್ದುದು ಅದೊಂದೇ ಆಗಿರಬೇಕು.

ಮೊದಲು ಎಕ್ಸ್‌ಎಂಪಿಯನ್ನು ಮಾತ್ರ ಹಾಕಿ, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ರಾತ್ರಿಯಿಡೀ ನಡೆಸಿ. ಈ ಪ್ರೊಸೆಸರ್‌ಗೆ ಅಧಿಕೃತವಾಗಿ ಹೇಳಿರುವ ರ‍್ಯಾಮ್ ವೇಗ 3200, ಆದ್ದರಿಂದ 3600 ಕೂಡ ಓವರ್‌ಕ್ಲಾಕಿಂಗ್ ಎಂದೇ ಲೆಕ್ಕ. ಬಸ್/ಇಂಟರ್‌ಕನೆಕ್ಟ್ ಎರರ್ (ಪ್ರೊಸೆಸರ್ ಒಳಗಿನ ಸಂಪರ್ಕದ ದೋಷ) ಎಂಬ ದಾಖಲೆ ಕಂಡರೆ 3200ಕ್ಕೆ ಇಳಿಸಿ. ನಿಮ್ಮ ಕೆಲಸದ ನಿಧಾನಕ್ಕೆ ಮುಖ್ಯ ಕಾರಣ ಡಿಫಾಲ್ಟ್‌ನಲ್ಲಿ ರ‍್ಯಾಮ್ ವೇಗ ಇಳಿದಿರುವುದೇ ಇರಬಹುದು. ಹಾಗಿದ್ದರೆ ಇಲ್ಲಿಗೇ ನಿಲ್ಲಿಸುವುದು ಉತ್ತಮ.

ಮುಂದುವರಿಯುವುದಾದರೆ ಕರ್ವ್ ಆಪ್ಟಿಮೈಜರ್‌ನಲ್ಲಿ ಪರ್ ಕೋರ್ ಆಯ್ಕೆಮಾಡಿ, ಕೋರ್ 2ಕ್ಕೆ ಸೊನ್ನೆ, ಉಳಿದವಕ್ಕೆ ಮೈನಸ್ 10 ಇಡಿ. ಪರೀಕ್ಷೆಗೆ ಕೋರ್‌ಸೈಕ್ಲರ್ ಬಳಸಿ; ಅದು ಒಂದೊಂದೇ ಕೋರಿಗೆ ಸರದಿಯಂತೆ ಕೆಲಸ ಕೊಡುವುದರಿಂದ ಪ್ರತಿ ಕೋರೂ ತನ್ನ ತುದಿಯ ವೇಗದಲ್ಲಿ ಪರೀಕ್ಷೆಗೊಳಗಾಗುತ್ತದೆ. ನಮ್ಮ ಜಿಲ್ಲೆಯ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ: ಪ್ರೊಸೆಸರ್ ತಣ್ಣಗಿದ್ದಷ್ಟೂ ಬೂಸ್ಟ್ ಮೇಲೇರುವುದರಿಂದ ಏಪ್ರಿಲ್‌ನಲ್ಲಿ ತೇರ್ಗಡೆಯಾದ ಸೆಟ್ಟಿಂಗ್ ಜುಲೈ ಬೆಳಗಿನ ಚಳಿಯಲ್ಲಿ ಬೀಳಬಹುದು, ಹಾಗೆಯೇ ಚಳಿಯಲ್ಲಿ ನಿಂತದ್ದು ಬೇಸಿಗೆಯ ಪೂರ್ಣ ಭಾರದಲ್ಲಿ ಸೋಲಬಹುದು.

ಉತ್ತರ – ವಿರಾಜಪೇಟೆಯಿಂದ

ಇದೇ ಲಕ್ಷಣವಿರುವ ಇಂಟೆಲ್ ಬಳಕೆದಾರರಿಗಾಗಿ ಒಂದು ಮಾತು. 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಅಸ್ಥಿರತೆಗೆ ಅತಿಯಾದ ವೋಲ್ಟೇಜ್ ಕಾರಣವೆಂದು ಇಂಟೆಲ್ 2024ರಲ್ಲಿ ಒಪ್ಪಿಕೊಂಡು, 0ಎಕ್ಸ್129 ಮತ್ತು ಆನಂತರದ ಮೈಕ್ರೋಕೋಡ್‌ಗಳನ್ನು (ಬಯೋಸ್ ಅಪ್‌ಡೇಟ್ ಮೂಲಕ ಬರುವ ಪ್ರೊಸೆಸರ್‌ನ ಒಳ ಸೂಚನೆಗಳನ್ನು) ನೀಡಿ, ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿತು. ಅಲ್ಲಿ ಬಯೋಸ್ ಅಪ್‌ಡೇಟ್ ಮೊದಲ ಕೆಲಸ. ಆದರೆ ಈಗಾಗಲೇ ಕೆಟ್ಟಿರುವ ಪ್ರೊಸೆಸರನ್ನು ಆ ಅಪ್‌ಡೇಟ್ ಸರಿಪಡಿಸುವುದಿಲ್ಲ, ಅದನ್ನು ವಾರಂಟಿಯಲ್ಲೇ ಬದಲಿಸಿಕೊಳ್ಳಬೇಕು.

ಗೋಣಿಕೊಪ್ಪದವರು ಗಮನಿಸಬೇಕಾದದ್ದು: ಪಿಬಿಒ ಬಳಸಿದ್ದರಿಂದ ಆಗುವ ಹಾನಿ ಎಎಂಡಿ ವಾರಂಟಿಯೊಳಗೆ ಬರುವುದಿಲ್ಲ. ಬಯೋಸ್ ಅಪ್‌ಡೇಟ್ ಮಾಡಿದಾಗ ಈ ಸೆಟ್ಟಿಂಗ್‌ಗಳು ಸಾಮಾನ್ಯವಾಗಿ ಅಳಿಸಿಹೋಗುತ್ತವೆ, ಆದ್ದರಿಂದ ಕೋರ್‌ವಾರು ಅಂಕಗಳನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಒಳಬದಿಗೆ ಅಂಟಿಸಿಡಿ.